ಫ್ರೆಂಚ್ ಅಡ್ಡಹೆಸರಿನ ಜಾಡು ಹಿಡಿಯುವುದು ಹೇಗೆ? ಲಬ್ಲಾಂ ಮನೆತನದ ದಾರಿ

ಉತ್ತರ ಕರ್ನಾಟಕದ ಕಡೆ ಮನೆತನದ ಹೆಸರಿಗೆ ಅಡ್ಡಹೆಸರು ಅಂತಲೇ ಹೇಳುತ್ತಾರೆ ಅಲ್ವಾ? ಫ್ರಾನ್ಸಿನಲ್ಲೂ ಎಷ್ಟೋ ಮನೆತನಗಳ ಹೆಸರು ಹುಟ್ಟಿದ್ದು ಊರವರು ಕರೆದ ಅಡ್ಡಹೆಸರಿನಿಂದಲೇ. ಪೆಟಿ ಅಂದರೆ ಚಿಕ್ಕವನು. ಲರೂ ಅಂದರೆ ನಮ್ಮ ಕೆಂಚ. ಲಬ್ಲಾಂ ಅಂದರೆ ಬಿಳಿಯ. ಕೂದಲು ಬೆಳ್ಳಗಿದ್ದವನಿಗೋ ಮೈಬಣ್ಣ ಬಿಳಿಚಿಕೊಂಡವನಿಗೋ ಹಾಗೆ ಕರೆದಿರಬಹುದು.

ಇಂಥ ಹೆಸರನ್ನು ಹುಡುಕಲು ಹೊರಟರೆ ಹೆಸರಿನ ಅರ್ಥದಿಂದ ಶುರು ಮಾಡಬೇಡಿ. ಬೆಳ್ಳನೆಯ ಕೂದಲಿನವರು ಒಂದೇ ಊರಲ್ಲಿ ಇರುತ್ತಾರಾ? ಹೆಸರು ಒಂದೇ ಆದ ಮಾತ್ರಕ್ಕೆ ನೆಂಟರಾಗುವುದಿಲ್ಲ. ನಿಮಗೆ ಖಚಿತವಾಗಿ ಗೊತ್ತಿರುವ ಒಬ್ಬ ವ್ಯಕ್ತಿಯನ್ನು ಹಿಡಿಯಿರಿ, ಒಂದೊಂದೇ ತಲೆಮಾರು ಹಿಂದಕ್ಕೆ ಹೋಗಿ. ಇದಕ್ಕೆ ಮದುವೆ ದಾಖಲೆಯಷ್ಟು ಒಳ್ಳೆಯದು ಬೇರೆ ಇಲ್ಲ, ಏಕೆಂದರೆ ಅದರಲ್ಲಿ ಸಾಮಾನ್ಯವಾಗಿ ಗಂಡು ಹೆಣ್ಣು ಇಬ್ಬರ ಅಪ್ಪ ಅಮ್ಮನ ಹೆಸರೂ ಇರುತ್ತದೆ.

ಫ್ರಾನ್ಸಿನೊಳಗೆ ಹುಡುಕಲು ಊರಿನ ಹೆಸರು ಬೇಕೇ ಬೇಕು. 1792ರ ಮೊದಲಿನದು ಚರ್ಚಿನ ಪುಸ್ತಕದಲ್ಲಿ, ಆಮೇಲಿನದು ಪುರಸಭೆಯ ಪುಸ್ತಕದಲ್ಲಿ ಸಿಗುತ್ತದೆ. ಹೆಚ್ಚಿನ ಜಿಲ್ಲೆಗಳ ದಾಖಲೆ ಕಚೇರಿಗಳು ಇವುಗಳ ಚಿತ್ರಗಳನ್ನು ಆನ್‌ಲೈನ್‌ನಲ್ಲಿ ಇಟ್ಟಿವೆ. ಪಾದ್ರಿಗಳು ಕಿವಿಗೆ ಬಿದ್ದ ಹಾಗೆ ಬರೆದಿದ್ದಾರೆ, ಹಾಗಾಗಿ ಬಿಡಿಸಿ ಬರೆದ ಲ ಬ್ಲಾಂ, ಕೂಡಿಸಿ ಬರೆದ ಲಬ್ಲಾಂ, ಎರಡನ್ನೂ ನೋಡಿ.

ವಲಸೆ ಹೋದವರದ್ದೇ ಕಷ್ಟ. ದಾನಿಯೆಲ್ ಲಬ್ಲಾಂ ಎಂಬ ರೈತ ಸುಮಾರು 1650ರಲ್ಲಿ ಅಕಾಡಿಯಾಕ್ಕೆ, ಅಂದರೆ ಈಗಿನ ಕೆನಡಾದ ನೋವಾ ಸ್ಕೋಷಿಯಾಕ್ಕೆ ಬಂದ. 1671ರ ಜನಗಣತಿಯಲ್ಲಿ ಅವನೂ ಹೆಂಡತಿ ಫ್ರಾನ್ಸ್ವಾಸ್ ಗೋದೆಯೂ ಮಕ್ಕಳೂ ಪೋರ್ಟ್ ರಾಯಲ್‌ನಲ್ಲಿ ಸಿಗುತ್ತಾರೆ. ಅಲ್ಲಿಂದ ವಂಶ ಹಬ್ಬಿತು. ಆದರೆ 1755ರಲ್ಲಿ ಬ್ರಿಟಿಷರು ಅಕಾಡಿಯಾದ ಜನರನ್ನು ಮನೆ ಹೊಲ ಬಿಡಿಸಿ ಹಡಗಿಗೆ ತುಂಬಿದರು, ಒಂದೇ ಮನೆಯವರು ಮ್ಯಾಸಚೂಸೆಟ್ಸ್, ಮೇರಿಲ್ಯಾಂಡ್ ಅಂತ ಚದುರಿದರು, ಎಷ್ಟೋ ಜನ ಆಮೇಲೆ ಲೂಯಿಸಿಯಾನಾ ಸೇರಿದರು. ಆದ್ದರಿಂದ ಆ ವರ್ಷದ ನಂತರ ಒಂದೇ ಜಾಗದಲ್ಲಿ ಹುಡುಕಿ ಸುಮ್ಮನಾಗಬೇಡಿ. ಅಮೆರಿಕದ ದಾಖಲೆಗಳಲ್ಲಿ ವೈಟ್ ಎಂದೂ ಹುಡುಕಿ, ಕೆಲವರು ಹೆಸರನ್ನೇ ಇಂಗ್ಲಿಷಿಗೆ ತಿರುಗಿಸಿಕೊಂಡರು.

ನನ್ನ ಮನಸ್ಸು ಕಲಕಿದ ದಾಖಲೆ ಎಂದರೆ ಅಕಾಡಿಯಾದ ಗ್ರಾಂ ಪ್ರೇ ಊರಿನ ಚರ್ಚಿನ ಪುಸ್ತಕ. ಊರು ಬಿಟ್ಟವರು ಅದನ್ನು ಜೊತೆಗೇ ಒಯ್ದರು. ಹೀಗಾಗಿ ಕೆನಡಾದ ಊರಿನ ಆ ದಾಖಲೆ ಇವತ್ತು ಇರುವುದು ಲೂಯಿಸಿಯಾನಾದ ಬ್ಯಾಟನ್ ರೂಜ್ ಧರ್ಮಪ್ರಾಂತ್ಯದ ಸಂಗ್ರಹದಲ್ಲಿ! ಫ್ರಾನ್ಸಿಗೆ ಮರಳಿದ ಕೆಲವು ಕುಟುಂಬಗಳು 1767ರಲ್ಲಿ ಬೆಲ್ ಈಲ್ ದ್ವೀಪದಲ್ಲಿ ತಮ್ಮ ಹಿರಿಯರ ಹೆಸರುಗಳನ್ನು ನೆನಪಿನಿಂದಲೇ ಹೇಳಿ ಬರೆಸಿದವು. ಅದನ್ನೂ ತಪ್ಪದೆ ನೋಡಿ.

ಆ ಹೇಳಿಕೆಗಳಲ್ಲಿ ದಾನಿಯೆಲ್ ಹೆಂಡತಿ ಜೊತೆ ಫ್ರಾನ್ಸಿನಿಂದ ಬಂದ ಎಂದಷ್ಟೇ ಇದೆ, ಊರಿನ ಹೆಸರಿಲ್ಲ. ಯಾರಾದರೂ ಅವನ ಊರಿನ ಹೆಸರು ಹಾಕಿದ ವಂಶವೃಕ್ಷ ಕೊಟ್ಟರೆ ಯಾವ ಪುಸ್ತಕ, ಯಾವ ಪುಟ ಎಂದು ಕೇಳಿ. ಉತ್ತರ ಬರದಿದ್ದರೆ ಆ ಜಾಗ ಖಾಲಿ ಬಿಡಿ.