ಹೆಸರು ಕಿತ್ತು ಓದಿಸಿದ್ದು

ಚಿಕ್ಕಪ್ಪ ಹೋಗುವ ಮೊದಲು 3 ಲಕ್ಷದ ಎಫ್‌ಡಿ ಇಟ್ಟು, ಅದರ ಬಡ್ಡಿಯಲ್ಲಿ ವರ್ಷಕ್ಕೊಂದು ಕವನ ಸಂಕಲನಕ್ಕೆ ಬಹುಮಾನ ಕೊಡಿ ಎಂದು ಬರೆದಿಟ್ಟಿದ್ದರು. ಬಡ್ಡಿ 20,000ದ ಆಚೀಚೆ. ಬಹುಮಾನಕ್ಕೆ 10,000. ಉಳಿದದ್ದರಲ್ಲಿ ಸಭಾಂಗಣ, ಶಾಲು, ಹಾರ, ಗೋಳಿಬಜೆ, ಚಾ. ಇಂಥದ್ದು ನಡೆಸಿದವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ. ತೀರ್ಪುಗಾರರ ಗೌರವಧನ ನನ್ನ ಕಿಸೆಯಿಂದ.

ಮೊದಲ ವರ್ಷ ಅಚ್ಚಾದ ಪುಸ್ತಕಗಳನ್ನೇ ಕರೆದೆವು, ಎಪ್ಪತ್ತರ ಹತ್ತಿರ ಬಂದವು. ಗೆದ್ದ ಪುಸ್ತಕಕ್ಕೆ ಮುನ್ನುಡಿ ಬರೆದವರು ನಮ್ಮ ತೀರ್ಪುಗಾರರಲ್ಲೇ ಒಬ್ಬರು ಎಂದು ಗೊತ್ತಾದದ್ದು ಆಮಂತ್ರಣ ಹಂಚಿದ ಮೇಲೆ. ಅಲ್ಲಿಯವರೆಗೆ ನಾವ್ಯಾರೂ ಪುಸ್ತಕ ಬಿಡಿಸಿಯೇ ನೋಡಿರಲಿಲ್ಲ! ಎರಡನೇ ವರ್ಷ ಹೆಸರಿನ ಮೇಲೆ ಸ್ಟಿಕ್ಕರ್ ಅಂಟಿಸಿದೆ. ಒಬ್ಬರು ಅದನ್ನು ಕಿತ್ತು ನೋಡಿ, ಓರೆಯಾಗಿ ಮತ್ತೆ ಅಂಟಿಸಿ ವಾಪಸು ಕಳಿಸಿದರು. ಕೊನೆಯ ಸಭೆ ಉಡುಪಿಯ ರಥಬೀದಿಯ ಹತ್ತಿರದ ಹೋಟೆಲಿನಲ್ಲಿ. ಬಿಲ್ 1,400, ತೀರ್ಪು ದೊಡ್ಡ ಗಂಟಲಿನವರದ್ದು.

ಮೂರನೇ ವರ್ಷ ಹಸ್ತಪ್ರತಿಗೆ ಇಳಿದೆ. ಹಸ್ತಪ್ರತಿಗೆ ಬಹುಮಾನ ಕೊಡುವುದು ಹೊಸತೇನಲ್ಲ, ಕಾಂತಾವರ ಕನ್ನಡ ಸಂಘದ ಮುದ್ದಣ ಕಾವ್ಯ ಪ್ರಶಸ್ತಿ ಹಾಗೆಯೇ ಕೊಡುವುದು. ಆದರೆ ನಾನು ಹೆಸರು, ಊರನ್ನು ಮುಚ್ಚಿದ ಲಕೋಟೆಯಲ್ಲಿ ಬೇರೆಯಾಗಿ ತರಿಸಿ, ಅರ್ಪಣೆಯನ್ನೂ ಕಿತ್ತು, ಬರೀ ನಂಬರ್ ಹಾಕಿದೆ. "ಹೆಸರಿಲ್ಲದೆ ಓದಿಸಿದ್ರೆ ಹೆಸರಿದ್ದವರು ಕಳಿಸ್ತಾರಾ ಮಾರಾಯ್ರೆ?" ಎಂದು ಗೆಳೆಯರು ನಕ್ಕರು. ಮುದ್ದಣ ಇದೇ ಉಡುಪಿಯಲ್ಲಿ ಡ್ರಿಲ್ ಮಾಸ್ತರರಾಗಿದ್ದವರು. ಹಳೆಯ ಪ್ರತಿ ಸಿಕ್ಕಿತೆಂದು ಹೇಳಿ, ತನ್ನ ಹೆಸರು ಮುಚ್ಚಿಟ್ಟೇ ಕಾವ್ಯವನ್ನು ಮೈಸೂರಿಗೆ ಕಳಿಸಿದವರು. ಅದನ್ನು ನೆನಪಿಸಿದೆ. "ಅದು ಆ ಕಾಲ" ಅಂದರು.

ಸೋತದ್ದು ಫಾಂಟಿನಲ್ಲಿ. ಕೆಲವರು ಟೈಪ್ ಮಾಡಿದ್ದು ನುಡಿ ತಂತ್ರಾಂಶದಲ್ಲಿ, ಕೆಲವರು ಬರಹ ತಂತ್ರಾಂಶದಲ್ಲಿ, ಹದಿನೈದರಷ್ಟು ಕೈಬರಹ. ಎಲ್ಲ ಒಂದೇ ರೂಪಕ್ಕೆ ಬಾರದಿದ್ದರೆ ಗುಟ್ಟು ಉಳಿಯುವುದಿಲ್ಲ, ಕೈಬರಹ ನೋಡಿಯೇ ಗುರುತು ಹಿಡಿಯುವವರಿದ್ದಾರೆ. ಯೂನಿಕೋಡಿಗೆ ಬದಲಿಸಿದರೆ ಅರ್ಕಾವತ್ತೆಲ್ಲ ಎಗರಿ ಹೋಗಿ ಕವಿತೆ ಮಂತ್ರದಂತೆ ಕಾಣತೊಡಗಿತು. ರಾತ್ರಿ ಹನ್ನೆರಡರವರೆಗೆ ಕೂತು ತಿದ್ದಿದೆ. ಕೈಬರಹದ್ದನ್ನು ಕಲ್ಸಂಕದ ಒಂದು ಡಿಟಿಪಿಗೆ ಕೊಟ್ಟೆ, ಸುಮಾರು 9,000 ಹೋಯಿತು. ಮನೆಯಲ್ಲಿ ಒಂದು ವಾರ ಮಾತಿಲ್ಲ.

ಅಂಕಗಳನ್ನೂ ಬಿಟ್ಟೆ. ಒಬ್ಬರು ಎಲ್ಲರಿಗೂ 80ರ ಮೇಲೆ ಕೊಡುತ್ತಾರೆ, ಇನ್ನೊಬ್ಬರು 45 ದಾಟುವುದಿಲ್ಲ. ಕೂಡಿಸಿ ಏನು ಪ್ರಯೋಜನ? ಮೂವರು ತೀರ್ಪುಗಾರರೂ ತಮಗೆ ಹಿಡಿಸಿದ ಹತ್ತು ಕಟ್ಟುಗಳನ್ನು ಸಾಲಾಗಿ ಬರೆದು ಕಳಿಸಬೇಕು. ಮೊದಲನೆಯದಕ್ಕೆ 10, ಕೊನೆಯದಕ್ಕೆ 1. ಸಭೆಯೇ ಇಲ್ಲ, ಹೋಟೆಲ್ ಬಿಲ್ಲೂ ಇಲ್ಲ. ಇಬ್ಬರು ಘಟ್ಟದ ಮೇಲಿನವರು, ಒಬ್ಬರು ಇಲ್ಲಿಯವರು. ಆ ಮೂರನೆಯವರನ್ನು ಹೇಗೆ ಆರಿಸುತ್ತೇನೆ ಎಂಬುದನ್ನು ಬರೆಯುವುದಿಲ್ಲ. ಬರೆದರೆ ಮುಂದಿನ ವರ್ಷಕ್ಕೆ ನಡೆಯುವುದಿಲ್ಲ. ಅವರೊಮ್ಮೆ ಫೋನ್ ಮಾಡಿ, "ಹದಿನೇಳನೇ ಕಟ್ಟು ಇಂಥವರದ್ದೇ ಅಲ್ವಾ, ಕುಂದಾಪ್ರ ಮಾತು ಎದ್ದು ಕಾಣ್ತದೆ" ಅಂದರು. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅದು ಆ ಕವಿಯದ್ದಲ್ಲ ಎಂದು ಆಮೇಲೆ ಗೊತ್ತಾಯಿತು.

ನಡುವೆ ಒಂದು ಹುಚ್ಚು: ಕೊನೆಗುಳಿದ ಆರು ಕಟ್ಟುಗಳನ್ನು ಪರಿಚಯದ ಯಕ್ಷಗಾನ ಭಾಗವತರೊಬ್ಬರಿಗೆ ಕೊಟ್ಟು ಹಾಡಿಸಿ ನೋಡಿದೆ. ಛಂದೋಬದ್ಧ ಎಂದು ಬರೆದು ಕಳಿಸಿದ್ದು ಮೂರನೇ ಸಾಲಿಗೇ ತಾಳ ತಪ್ಪಿತು. ಗದ್ಯದಂತಿದ್ದದ್ದು ಏಕತಾಳಕ್ಕೆ ಸಲೀಸಾಗಿ ಕೂತಿತು. ತೀರ್ಪಿಗೆ ಇದರಿಂದ ಏನೂ ಉಪಯೋಗವಾಗಲಿಲ್ಲ, ಆದರೆ ಆ ಸಂಜೆ ಚೆನ್ನಾಗಿತ್ತು.

ಸೋತವರ ಲಕೋಟೆ ಒಡೆಯಬಾರದು ಎಂದು ನಿಯಮ ಮಾಡಿದ್ದು ನಾನೇ. ಆದರೂ ಒಡೆದೆ. ಹೆಸರಿದ್ದವರು ಮೂವರು ಕಳಿಸಿದ್ದರು! ಒಬ್ಬರಿಗೆ ಏಳನೇ ಸ್ಥಾನ. ನಕ್ಕ ಗೆಳೆಯರಿಗೆ ಅಷ್ಟು ಮಾತ್ರ ಹೇಳಿದ್ದೇನೆ, ಹೆಸರು ಹೇಳಿಲ್ಲ.

ಗೆದ್ದವರು ಸಹಕಾರಿ ಸಂಘವೊಂದರಲ್ಲಿ ಗುಮಾಸ್ತೆ, ಒಂದೂ ಪುಸ್ತಕ ಬಂದಿರಲಿಲ್ಲ. ಫೋನ್ ಮಾಡಿ ಬಹುಮಾನ ಬಂದಿದೆ ಅಂದೆ. "ಎಷ್ಟು ಕಟ್ಬೇಕು ಸರ್?" ಅಂದರು. ಹಿಂದೊಮ್ಮೆ ಯಾರೋ ಪ್ರಶಸ್ತಿ ಕೊಡುತ್ತೇವೆಂದು 3,000 ಕೇಳಿದ್ದರಂತೆ. ನಾನು ಎಷ್ಟು ಹೇಳಿದರೂ ನಂಬಲಿಲ್ಲ. ಎರಡು ದಿನ ಬಿಟ್ಟು ಅವರ ಅಣ್ಣ ನಮ್ಮ ಮನೆಗೇ ಬಂದು, ಕಟ್ಟುಗಳನ್ನೂ ನನ್ನನ್ನೂ ನೋಡಿಕೊಂಡು ಹೋದರು.