ಸಾಲದ ಕಾಲಂನಲ್ಲಿ ಬರೀ ಸೊನ್ನೆ

ನನ್ನ ಪಿಎಚ್‌ಡಿ ಶಿಡ್ಲಘಟ್ಟದ ರೇಷ್ಮೆ ರೀಲರ್‌ಗಳ ಮೇಲೆ, ಅಂದರೆ ಗೂಡು ಕೊಂಡು ನೂಲು ತೆಗೆಯುವವರ ಮೇಲೆ. ಚರಕ ಬಿಟ್ಟು ಅದಕ್ಕಿಂತ ಸುಧಾರಿತ ಕಾಟೇಜ್ ಬೇಸಿನ್‌ಗೆ, ಅಲ್ಲಿಂದ ಒಟ್ಟಿಗೆ ಹಲವು ಎಳೆ ಸುತ್ತುವ ಮಲ್ಟಿ ಎಂಡ್ ಯಂತ್ರಕ್ಕೆ ಹೋಗುವಾಗ ಅವರಿಗೆ ದುಡ್ಡು ಎಲ್ಲಿಂದ ಬರುತ್ತದೆ? ಇದು ನನ್ನ ಪ್ರಶ್ನೆ. ಉದ್ಯಮ ಅಂದರೆ ಬೆಂಗಳೂರಿನ ಸ್ಟಾರ್ಟಪ್ ಮಾತ್ರ ಅಂದುಕೊಂಡಿದ್ದ ಕೆಲವರು ವಿಷಯ ಬದಲಿಸಲು ಹೇಳಿದರು. ನಾನು ಬದಲಿಸಲಿಲ್ಲ. ನಾಳೆ ಗೂಡಿನ ರೇಟ್ ಏನಾಗುತ್ತೋ ಗೊತ್ತಿಲ್ಲದೆ ಹೊಸ ಯಂತ್ರಕ್ಕೆ ದುಡ್ಡು ಹಾಕುವವರು ಉದ್ಯಮಿಗಳೇ ಅಲ್ವಾ?

ಪ್ರಶ್ನಾವಳಿಯಲ್ಲಿ 'ನಿಮಗೆ ಎಷ್ಟು ಸಾಲ ಇದೆ?' ಎಂದಿತ್ತು. ಹೆಚ್ಚಿನವರು 'ಇಲ್ಲ ಮೇಡಂ' ಅಂದರು. ಮೂರು ತಿಂಗಳು ಸೊನ್ನೆ ತುಂಬಿಸಿದೆ.

ಒಂದು ದಿನ ಒಬ್ಬ ರೀಲರ್ ಮನೆಯಲ್ಲಿ ಕೂತಿದ್ದೆ. ಬೇಸಿನ್‌ನಿಂದ ಹಬೆ, ಬೆಂದ ಹುಳದ ವಾಸನೆ. ಅವರ ಹೆಂಡತಿ ಬಿಸಿನೀರಿಗೆ ಬೆಳ್ಳಗಾಗಿ ಸುಕ್ಕುಗಟ್ಟಿದ ಬೆರಳು ಒರೆಸಿಕೊಂಡು, ಒಳಗಿಂದ ಒಂದು ನೋಟ್‌ಬುಕ್ ತಂದರು. ಅದರಲ್ಲಿ ಎತ್ತಿದ ಚೀಟಿ, ಅಡ ಇಟ್ಟ ಸರ, ಭಾವಮೈದುನನಿಂದ ತಂದ ಕೈಸಾಲ, ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ, ಎಲ್ಲ ಇತ್ತು. ಅಂದರೆ ವರ್ಷಕ್ಕೆ ಶೇ. 24. 'ಇದು ಸಾಲ ಅಲ್ವಾ ಅಕ್ಕ?' ಅಂದೆ. 'ಸಾಲ ಅಂದ್ರೆ ಬ್ಯಾಂಕಿಂದು. ಇದು ಹಿಂಗೇ ನಡೀತಾ ಇರೋದು' ಅಂದರು.

ಪ್ರಶ್ನೆ ಬದಲಿಸಿದೆ. 'ನಿನ್ನೆ ಗೂಡು ತಂದಿರಲ್ಲ, ಆ ದುಡ್ಡು ಎಲ್ಲಿಂದ ಬಂತು?' ಮತ್ತೆ ಮನೆ ಮನೆಗೆ ಹೋದೆ. ಒಂದು ವರ್ಷ ಜಾಸ್ತಿ ಹಿಡಿಯಿತು.

ಅರ್ಥಶಾಸ್ತ್ರಜ್ಞರಾದ ಸ್ಟಿಗ್ಲಿಟ್ಜ್ ಮತ್ತು ವೈಸ್ 1981ರಲ್ಲೇ ಒಂದು ಮಾತು ತೋರಿಸಿದ್ದರು: ಬಡ್ಡಿ ಏರಿಸಿದರೆ ನೆಚ್ಚಿಕೆಯ ಗಿರಾಕಿಗಳು ದೂರ ಸರಿಯುತ್ತಾರೆ, ಆದ್ದರಿಂದ ಬ್ಯಾಂಕು ಬಡ್ಡಿ ಏರಿಸದೆ ಕೆಲವರಿಗೆ ಸಾಲವನ್ನೇ ಕೊಡುವುದಿಲ್ಲ. ಇಲ್ಲಿ ಅದರ ಜೊತೆಗೆ ಸಮಯದ ಪ್ರಶ್ನೆಯೂ ಇದೆ. ಗೂಡು ಕಾಯುವುದಿಲ್ಲ, ತಡವಾದರೆ ಚಿಟ್ಟೆ ಕೊರೆದು ಹೊರಬರುತ್ತದೆ, ಆ ಗೂಡಿನಿಂದ ಉದ್ದನೆಯ ಎಳೆ ಸಿಗುವುದಿಲ್ಲ. ಗೂಡಿಗೆ ದುಡ್ಡು ಇವತ್ತೇ ಬೇಕು, ನೂಲಿನ ದುಡ್ಡು ಬರುವುದು ಆಮೇಲೆ. 2015ರಲ್ಲಿ ಶುರುವಾದ ಮುದ್ರಾ ಯೋಜನೆಯಲ್ಲಿ ಅಡಮಾನವಿಲ್ಲದೆ 10 ಲಕ್ಷದವರೆಗೆ ಸಾಲ ಸಿಗುತ್ತಿತ್ತು. ಆದರೆ ಯಂತ್ರ ದೊಡ್ಡದಾದಷ್ಟೂ ದಿನದ ಗೂಡೂ ಜಾಸ್ತಿ ಬೇಕು. ಯಂತ್ರಕ್ಕೆ ಸಾಲ ಸಿಕ್ಕಿ, ದಿನದಿನದ ಗೂಡು ಕೊಳ್ಳುವ ದುಡಿಯುವ ಬಂಡವಾಳ ಸಿಗದೆ ಅರ್ಧ ದಿನ ನಿಂತ ಯಂತ್ರಗಳನ್ನು ನಾನೇ ನೋಡಿದ್ದೇನೆ. ನನ್ನ ಪ್ರಬಂಧದ ಜೀವ ಇದೇ.

ಇದರ ಮೇಲೆ ಬರೆದ ಲೇಖನ ಎರಡು ಸಂಶೋಧನಾ ಪತ್ರಿಕೆಗಳಿಂದ ವಾಪಸ್ ಬಂತು. ಮೂರನೇ ಸಲ ಹಳೆಯ ಪ್ರಶ್ನೆ, ಹೊಸ ಪ್ರಶ್ನೆ ಎರಡರ ಉತ್ತರಗಳನ್ನೂ ಅಕ್ಕಪಕ್ಕ ಇಟ್ಟು ಕಳಿಸಿದೆ. ಒಪ್ಪಿದರು. ಪಾಠ ಹೇಳುವ ಕೆಲಸ ಸಿಕ್ಕಿದ್ದೂ ಅದರಿಂದಲೇ.

ಈಗ ನನ್ನ ಇಬ್ಬರು ವಿದ್ಯಾರ್ಥಿಗಳು ಕೋಲಾರದ ಟೊಮೆಟೊ ಮಂಡಿಗಳಿಗೆ ಹೋಗುತ್ತಿದ್ದಾರೆ. ಪ್ರಶ್ನಾವಳಿ ಇನ್ನೂ ಕೊಟ್ಟಿಲ್ಲ. ಮಂಡಿಯವರು ಬೆಳೆಗಾರರಿಗೆ ಮುಂಚೆಯೇ ಕೊಡುವ ದುಡ್ಡಿಗೆ ಅಲ್ಲಿ ಏನಂತಾರೆ, ಮೊದಲು ಅದನ್ನು ಕೇಳಿ ಬರೆದುಕೊಂಡು ಬನ್ನಿ ಎಂದು ಕಳಿಸಿದ್ದೇನೆ.