ಊರಲ್ಲಿ ಅಪ್ಪ ಅಮ್ಮ, ಕೈಯಲ್ಲಿ ಓಸಿಐ ಕಾರ್ಡ್: ನನ್ನ ಸೆಕ್ಯುರಿಟಿ ಕ್ಲಿಯರೆನ್ಸ್ ಅನುಭವ

ಅಮೆರಿಕನ್ ಸಿಟಿಜನ್ ಆದ್ಮೇಲೆ ಡಿಫೆನ್ಸ್ ಪ್ರಾಜೆಕ್ಟ್ ಕೆಲಸಕ್ಕೆ ಟ್ರೈ ಮಾಡೋ ನಮ್ಮವರು ಕೇಳೋ ಪ್ರಶ್ನೆ ಒಂದೇ, ಊರಲ್ಲಿ ಅಪ್ಪ ಅಮ್ಮ ಇದಾರೆ, ಓಸಿಐ (ಬೇರೆ ದೇಶದ ಪ್ರಜೆಯಾದ ಭಾರತ ಮೂಲದವರಿಗೆ ಇಂಡಿಯಾ ಕೊಡೋ ಕಾರ್ಡ್) ಇದೆ, ನಮಗೆಲ್ಲ ಕ್ಲಿಯರೆನ್ಸ್, ಅಂದ್ರೆ ಸರ್ಕಾರದ ಗುಪ್ತ ಮಾಹಿತಿ ನೋಡೋ ಅನುಮತಿ, ಕೊಡ್ತಾರಾ ಅಂತ. ಕೊಡ್ತಾರೆ, ನನಗೆ ಸೀಕ್ರೆಟ್ ಅನ್ನೋ ಮಟ್ಟದ ಕ್ಲಿಯರೆನ್ಸ್ ಸಿಕ್ಕಿದೆ. ಆದ್ರೆ ಒಂದು ಗೆರೆನೂ ಮುಚ್ಚಿಡದೆ ಬರೆಯೋ ತಾಳ್ಮೆ ಬೇಕು.

ನಾವಾಗೇ ಅಪ್ಲೈ ಮಾಡಕ್ಕಾಗಲ್ಲ, ಕಂಪನಿ ಸ್ಪಾನ್ಸರ್ ಮಾಡ್ಬೇಕು, ಆಮೇಲೆ ಎಸ್‌ಎಫ್-86 ಅನ್ನೋ ಹಿನ್ನೆಲೆ ಪರಿಶೀಲನೆ ಫಾರ್ಮ್ ತುಂಬ್ಬೇಕು. ಸೆಕ್ಷನ್ 10ರಲ್ಲಿ ಡ್ಯುಯಲ್ ಸಿಟಿಜನ್‌ಶಿಪ್ ಬಗ್ಗೆ ಕೇಳ್ತಾರೆ. ನಮ್ಮ ಇಂಡಿಯಾ ಡ್ಯುಯಲ್ ಒಪ್ಪಲ್ಲ, 1955ರ ಸಿಟಿಜನ್‌ಶಿಪ್ ಆಕ್ಟ್ ಪ್ರಕಾರ ಇಲ್ಲಿ ಪ್ರಮಾಣ ಮಾಡಿದ ಕ್ಷಣಕ್ಕೆ ಅಲ್ಲಿನ ಪೌರತ್ವ ಹೋಯ್ತು, ಓಸಿಐ ಅನ್ನೋದು ಹೆಸರಲ್ಲಿ ಸಿಟಿಜನ್ ಅಂತಿದ್ರೂ ವೋಟ್ ಹಾಕೋ ಹಕ್ಕಿಲ್ಲ, ಇಂಡಿಯನ್ ಪಾಸ್‌ಪೋರ್ಟೂ ಇಲ್ಲ. ಹಾಗಾಗಿ ನಾನು ಡ್ಯುಯಲ್ ಅಲ್ಲ ಅಂತಲೇ ಹಾಕಿ, ಓಸಿಐ ಇರೋದನ್ನ ಕಾಮೆಂಟ್‌ನಲ್ಲಿ ಬಿಡಿಸಿ ಬರೆದೆ. ಅದೇ ಸೆಕ್ಷನ್‌ನಲ್ಲಿ ಬೇರೆ ದೇಶದ ಪಾಸ್‌ಪೋರ್ಟ್ ಯಾವತ್ತಾದ್ರೂ ಇತ್ತಾ ಅಂತಾನೂ ಕೇಳ್ತಾರೆ, ಹಳೇದು ಕ್ಯಾನ್ಸಲ್ ಆಗಿದ್ರೂ ಹೌದು ಅನ್ನಲೇಬೇಕು. ಇಂಡಿಯನ್ ಪಾಸ್‌ಪೋರ್ಟ್ ಒಪ್ಪಿಸಿದ್ದಕ್ಕೆ ಕೊಡೋ ಸರೆಂಡರ್ ಸರ್ಟಿಫಿಕೇಟ್ ದಯವಿಟ್ಟು ಎಸೀಬೇಡಿ.

ನಿಜವಾಗ್ಲೂ ಬೇರೆ ದೇಶದ ಪೌರತ್ವ ಇಟ್ಕೊಂಡಿರೋರಿಗೂ ಈಗ ಬಾಗಿಲು ಮುಚ್ಚಿಲ್ಲ. ಮುಂಚೆ ವಿದೇಶಿ ಪಾಸ್‌ಪೋರ್ಟ್ ಕೈಯಲ್ಲಿದ್ರೇ ತೊಂದ್ರೆ, ಒಪ್ಪಿಸ್ಬೇಕಿತ್ತು ಇಲ್ಲಾಂದ್ರೆ ನಾಶ ಮಾಡ್ಬೇಕಿತ್ತು. 2017ರ ಜೂನ್‌ನಲ್ಲಿ ಕ್ಲಿಯರೆನ್ಸ್ ಯಾರಿಗೆ ಕೊಡ್ಬಹುದು ಅಂತ ಹೇಳೋ ಸೀಡ್-4 ನಿಯಮ ಬಂದ್ಮೇಲೆ ಡ್ಯುಯಲ್ ಆಗಿರೋದೊಂದೇ ಕಾರಣಕ್ಕೆ ತಳ್ಳಿಹಾಕಲ್ಲ, ಅದನ್ನ ಹೇಳದೇ ಇದ್ರೆ, ಅಥವಾ ಅಮೆರಿಕಕ್ಕೆ ಬಂದುಹೋಗೋವಾಗ ಆ ಪಾಸ್‌ಪೋರ್ಟ್ ಬಳಸಿದ್ರೆ ಗೈಡ್‌ಲೈನ್ ಸಿ (ಬೇರೆ ದೇಶದ ಕಡೆ ಒಲವು) ಅಡಿ ಪ್ರಶ್ನೆ ಏಳುತ್ತೆ.

ನಮ್ಮಂಥೋರಿಗೆ ನಿಜವಾಗಿ ಬಿಗಿಯಾಗೋದು ಗೈಡ್‌ಲೈನ್ ಬಿ, ಫಾರಿನ್ ಇನ್‌ಫ್ಲುಯೆನ್ಸ್. ಅಲ್ಲಿರೋ ನಿನ್ನೋರನ್ನ ಹಿಡ್ಕೊಂಡು ನಿನ್ನ ಮೇಲೆ ಯಾರಾದ್ರೂ ಒತ್ತಡ ಹಾಕ್ಬಹುದಾ, ಅದೇ ಅವರ ಚಿಂತೆ. ನಮ್ಮಪ್ಪ ಸರ್ಕಾರಿ ಹೈಸ್ಕೂಲ್ ಮೇಷ್ಟ್ರಾಗಿ ರಿಟೈರ್ ಆದವರು, ಪೆನ್ಷನ್ ಬರುತ್ತೆ. ಮೇಷ್ಟ್ರು ತಾನೇ ಅಂತ ಬಿಡಲಿಲ್ಲ, ಸರ್ಕಾರದ ಸಂಬಳ ಅಂದ್ರೆ ಸರ್ಕಾರದ ಸಂಬಳವೇ, ಬರೆದೆ. ಸೆಕ್ಷನ್ 19ಕ್ಕೆ ಕಳೆದ 7 ವರ್ಷದಲ್ಲಿ ಆಪ್ತ ಸಂಪರ್ಕ ಇರೋ ವಿದೇಶಿಯರೆಲ್ಲ ಬರ್ಬೇಕು, ಕಾಲೇಜ್ ವಾಟ್ಸಾಪ್ ಗ್ರೂಪ್‌ನಲ್ಲಿರೋರೆಲ್ಲ ಅಲ್ಲ, ನಿಜವಾಗ್ಲೂ ಕಷ್ಟಸುಖ ಹಂಚ್ಕೊಳೋರು. ಎನ್‌ಆರ್‌ಓ ಅಕೌಂಟ್ (ಇಂಡಿಯಾದಲ್ಲಿರೋ ನನ್ನ ಬ್ಯಾಂಕ್ ಖಾತೆ) ಸೆಕ್ಷನ್ 20ಎಗೆ.

ಇಂಟರ್‌ವ್ಯೂನಲ್ಲಿ ಜಾಸ್ತಿ ಹೊತ್ತು ಹಿಡಿದಿದ್ದು ಜಮೀನು. ತಾತ ತೀರ್ಕೊಂಡ್ಮೇಲೆ ಪೌತಿ ಖಾತೆ ಆಗಿ ಪಹಣಿಯಲ್ಲಿ ಜಂಟಿಯಾಗಿ ನನ್ನ ಹೆಸರೂ ಕೂತಿತ್ತು, ಒಂದು ಪೈಸೆ ಆದಾಯ ತಗೊಂಡಿಲ್ಲ. ಇದು ಕೊಂಡಿದ್ದಾ ಬಂದಿದ್ದಾ, ಬೆಲೆ ಎಷ್ಟು, ಉಳುಮೆ ಯಾರು ಮಾಡ್ತಾರೆ, ಕೈಬಿಟ್ಟು ಹೋದ್ರೆ ನಿನಗೇನಾಗುತ್ತೆ ಅಂತ ಇನ್ವೆಸ್ಟಿಗೇಟರ್ ಒಂದೊಂದಾಗಿ ಕೇಳಿದ್ರು. ನಾನು ಪಹಣಿ ಪ್ರತಿ, ಅದರ ಇಂಗ್ಲಿಷ್ ಅನುವಾದ, ಪಕ್ಕದಲ್ಲಿ ಇಲ್ಲಿನ ಮನೆ, 401ಕೆ (ನಿವೃತ್ತಿಗೆ ಕೂಡಿಟ್ಟ ಹಣ), ಸೇವಿಂಗ್ಸ್ ಎಲ್ಲದರ ಲೆಕ್ಕ ಇಟ್ಟೆ. ಅಲ್ಲಿನ ಪಾಲು ಇಲ್ಲಿನದಕ್ಕೆ ಹೋಲಿಸಿದ್ರೆ ಏನೇನೂ ಅಲ್ಲ ಅಂತ ಅಂಕಿಯೇ ಹೇಳ್ತು. ನಿಯಮದಲ್ಲೂ ಅಷ್ಟೇ, ವಿದೇಶದ ಆಸ್ತಿ ಸಣ್ಣದಾಗಿದ್ದು, ಅಮೆರಿಕದಲ್ಲಿ ಬೇರು ಆಳವಾಗಿದ್ರೆ ಅದು ನಮ್ಮ ಪರವಾಗಿ ನಿಲ್ಲುತ್ತೆ.

ಕೆಲವರು ಕ್ಲಿಯರೆನ್ಸ್‌ಗೋಸ್ಕರ ಜಮೀನು ಹಕ್ಕುಬಿಡುಗಡೆ ಮಾಡಿಬಿಡ್ತಾರೆ, ಅಮ್ಮನಿಗೆ ಫೋನ್ ಮಾಡೋದು ಕಮ್ಮಿ ಮಾಡ್ತಾರೆ. ನನಗೆ ಇದು ಕೇಳಿದ್ರೇ ಸಂಕಟ ಆಗುತ್ತೆ, ಯಾರೂ ಹಾಗೆ ಮಾಡು ಅಂತ ಕೇಳಿಲ್ಲ. ಅನುಮಾನ ಉಳಿದ್ರೆ ಸ್ಟೇಟ್‌ಮೆಂಟ್ ಆಫ್ ರೀಸನ್ಸ್ ಅಂತ, ಯಾಕೆ ಕೊಡಕ್ಕಾಗ್ತಿಲ್ಲ ಅನ್ನೋ ಕಾರಣಗಳ ಕಾಗದ ಬರುತ್ತೆ, ಕಾಂಟ್ರಾಕ್ಟರ್ ಆದ್ರೆ ಉತ್ತರ ಕೊಡಕ್ಕೆ 20 ದಿನ, ಅದು ಬಂದ್ರೆ ಲಾಯರ್ ಹಿಡಿಯೋದೇ ಒಳ್ಳೇದು.

ಸಿಕ್ಕ ಮೇಲೂ ಮುಗೀತು ಅಂತಲ್ಲ. ಕ್ಲಿಯರೆನ್ಸ್ ಇರೋರು ಏನೇನು ವರದಿ ಮಾಡ್ಬೇಕು ಅನ್ನೋ ಸೀಡ್-3 ನಿಯಮದ ಪ್ರಕಾರ ಊರಿಗೆ ಹೋಗೋದನ್ನ ಮುಂಚೆಯೇ ತಿಳಿಸ್ಬೇಕು. ನಾನು ಟಿಕೆಟ್ ಬುಕ್ ಮಾಡೋಕೂ ಮುಂಚೆ ಸೆಕ್ಯುರಿಟಿ ಆಫೀಸರ್‌ಗೆ ಮೇಲ್ ಹಾಕ್ಬಿಡ್ತೀನಿ.